ಮಾವನ ಕಡೆಗೆ ಕಂಡಿ ಇರಲಿಲ್ಲ

ರೊಟ್ಟಿ ಹಂಚಿನ ತಳದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಹಣೆಗೆ ಮೂರು ಗೆರೆ, ಮೂಗಿನ ಮೇಲೊಂದು, ಕೆನ್ನೆಗಳಿಗೆ ಓರೆಯಾಗಿ ಎರಡೆರಡು ಎಳೆದುಕೊಂಡು, ಕಿವಿಯ ಹಿಂದಕ್ಕೂ ಬೆರಳು ತಿಕ್ಕಿ, ಉಳಿದದ್ದನ್ನು ಮುಂಗೈಗೆ ಒರೆಸಿಕೊಳ್ಳುತ್ತಿದ್ದರು ನನ್ನ ಮಾವ. ನಾನು ಮದುವೆಯಾಗಿ ಬಂದು ಐದೋ ಆರೋ ದಿನವಾಗಿತ್ತು. ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಈ ಮುಖ ಬಾಗಿಲಲ್ಲಿ ಬಂದು ನಿಂತಿತು. ತಲೆಯ ತುಂಬ ಕಬ್ಬಿನ ತರಗು. ಒಂದು ಕೈಯಲ್ಲಿ ಏರ್‌ಗನ್ನು, ಇನ್ನೊಂದರಲ್ಲಿ ಕಾಲು ಕಟ್ಟಿದ ಎರಡು ಪಾರಿವಾಳ. ನಾನು ಕೈಲಿದ್ದ ಚೊಂಬು ಬಿಟ್ಟೆ. ಆ ಮುಖ ಬಹಳ ಮರ್ಯಾದೆಯಿಂದ, "ಎದುರ್ಕೋಬ್ಯಾಡ ಕಣವ್ವ, ನಾನೇ, ನಿಮ್ಮಾವ" ಎಂದಿತು.

ನಮ್ಮ ತವರು ಮಳವಳ್ಳಿ ಕಡೆ. ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಅಲ್ಲಿ ನಾನು ಕಂಡ ಮಾವಂದಿರೆಲ್ಲ ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಪೇಪರ್ ಓದುವವರು. ಅವತ್ತು ಶುರುವಾದ ನನ್ನ ಗಲಿಬಿಲಿ ಇವತ್ತಿಗೂ ನಿಂತಿಲ್ಲ. ನನ್ನ ಮಾವನ ಜೊತೆ ಎಂಟು ವರ್ಷ ಒಂದೇ ಸೂರಿನ ಕೆಳಗಿದ್ದೆ. ಅದರಲ್ಲಿ ಎರಡು ವರ್ಷ ಒಂದು ಮೊಳ ದೂರದಲ್ಲಿ, ಮಧ್ಯೆ ಒಂದು ಗೋಣಿತಟ್ಟು ಬಿಟ್ಟರೆ ಏನೂ ಇಲ್ಲದ ಹಾಗೆ ಕೂತಿದ್ದೆ. ಆದರೂ ಅವರು ಏನು ಮಾಡುತ್ತಿದ್ದರು ಎಂದು ನನಗೆ ತಿಳಿಯಲಿಲ್ಲ. ಈಗ ತಿಳಿದಿದೆ ಎಂದು ಹೇಳುವುದಕ್ಕೂ ಧೈರ್ಯವಿಲ್ಲ.

ನಮ್ಮೂರು ಶಿವಪುರದಿಂದ ಒಳಕ್ಕೆ, ನಾಲೆಯ ಬದಿಗೆ ಇದೆ. ಮದ್ದೂರಿನ ರಸ್ತೆಯಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿ. ಅದರ ಮಾಡಿನ ಕೆಳಗೆ ಪಾರಿವಾಳಗಳು ಸಂಸಾರ ಹೂಡಿ ಎಷ್ಟು ಕಾಲವಾಯಿತೋ. ಗಿರಣಿ ಓಡುವಾಗ ಅಲ್ಲೇ ಅಂಗಳದಲ್ಲಿ ಚೆಲ್ಲಿದ್ದನ್ನು ತಿಂದುಕೊಂಡಿದ್ದವು. ಮುಚ್ಚಿದ ಮೇಲೆ ನಮ್ಮ ಒಟ್ಲಿನ ಮೇಲೆ ಬಿದ್ದವು. ಒಟ್ಲು ಎಂದರೆ ನಾಟಿಗೆ ಮುಂಚೆ ಭತ್ತದ ಸಸಿ ಎಬ್ಬಿಸುವ ಪಾತಿ. ಮೊಳಕೆ ಬಂದ ಭತ್ತವನ್ನು ಕೆಸರಿನ ಮೇಲೆ ಎರಚಿ, ಹಸಿರು ಏಳುವವರೆಗೆ ಎಂಟು ಹತ್ತು ದಿನ ಕಾಯಬೇಕು. ಒಂದು ಬೆಳಿಗ್ಗೆ ಮೈಮರೆತರೆ ಆ ವರ್ಷದ ನಾಟಿಗೆ ಸಸಿ ಸಾಲುವುದಿಲ್ಲ, ಕಂಡಕಂಡವರ ಹತ್ತಿರ ಪೈರು ಕೇಳಿಕೊಂಡು ಅಲೆಯಬೇಕು. ಪಟಾಕಿ ಹೊಡೆದು, ಹೊಳೆಯುವ ಟೇಪು ಕಟ್ಟಿ, ಹಳೇ ಶರ್ಟಿನ ಬೆದರುಬೊಂಬೆ ನಿಲ್ಲಿಸಿ ಊರವರೆಲ್ಲ ನೋಡಿಯಾಗಿತ್ತು. ಬೊಂಬೆಯ ತಲೆಯ ಮೇಲೆ ಕೂತೇ ಅವು ಗದ್ದೆ ನೋಡುತ್ತಿದ್ದವು.

ಹಾಗಾಗಿ ಒಟ್ಲಿನ ಕಾಲ ಬಂದರೆ ಮಾವನಿಗೆ ಎಲ್ಲಿಲ್ಲದ ಬೆಲೆ. "ಗೌಡ್ರೆ, ನಮ್ಮೊಟ್ಲು ಕಡೀಕೂ ವಸಿ ಬನ್ನಿ" ಎಂದು ಜನ ಜಗಲಿಗೆ ಬಂದು ಕೂರುತ್ತಿದ್ದರು. ಹೋದ ಕಡೆ ಎರಡು ಎಳನೀರು, ಒಂದು ಹೊರೆ ಹುಲ್ಲು, ಇಷ್ಟೇ ಅವರು ತೆಗೆದುಕೊಳ್ಳುತ್ತಿದ್ದದ್ದು. ಗಿರಣಿಯ ಬೂದು ಪಾರಿವಾಳ ಬಿಟ್ಟು ಬೇರೆ ಯಾವ ಹಕ್ಕಿಗೂ ಕೋವಿ ಎತ್ತಿದವರಲ್ಲ. ಬೆಳವ ಬಂದು ಪಕ್ಕದಲ್ಲೇ ಹೆಕ್ಕಿದರೂ ಸುಮ್ಮನಿರುತ್ತಿದ್ದರು. ಏರ್‌ಗನ್ನನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೋವಿ ಎಂದೇ ಕರೆಯುತ್ತಿದ್ದುದು. ಆ ಕೋವಿ ಕೈಯಲ್ಲಿದ್ದರೆ ಮಾವ ಊರಿಗೆ ಬೇಕಾದವರು, ಇಲ್ಲದಿದ್ದರೆ ವಯಸ್ಸಾದ ಇನ್ನೊಬ್ಬ ಯಜಮಾನರು. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಕೋವಿಗೆ ಕಂಟಕ ಬಂದದ್ದು ನನ್ನ ಮದುವೆಯಾದ ನಾಲ್ಕನೆಯ ವರ್ಷ. ಪಕ್ಕದ ಗದ್ದೆಯವರ ಹೆಂಗಸು ಬದುವಿನ ಮೇಲೆ ಬೂದು ಬಣ್ಣದ ಪ್ಲಾಸ್ಟಿಕ್ ಕೊಡ ಇಟ್ಟು ಕಳೆ ಕೀಳುತ್ತಿದ್ದಳು. ಮಾವ ಆ ಕೊಡಕ್ಕೆ ಗುಂಡು ಹೊಡೆದರು. ಆಕೆ ತೂತು ಬಿದ್ದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಸೀರೆಗೆ ನೀರು ಸುರಿಸಿಕೊಳ್ಳುತ್ತಲೇ ನಮ್ಮ ಅಂಗಳಕ್ಕೆ ಬಂದಳು. ಅವಳು ಬೈದದ್ದನ್ನು ಬರೆಯಲಾರೆ. ಮಾವ, "ಕೊಡದ ಮ್ಯಾಲೇ ಕುಂತಿತ್ತು ಕಣವ್ವ, ಆರೋಯ್ತು" ಎಂದರು. ನನ್ನ ಗಂಡ ಭಾರತೀನಗರದ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಮಾತು ಕಡಿಮೆ, ಆಡಿದರೆ ಅದೇ ತೀರ್ಮಾನ. ಆಕೆಗೆ ಹೊಸ ಕೊಡ ಕೊಡಿಸಿ ಬಂದು, "ಅಪ್ಪ, ಅಲ್ಲಿ ಕೊಡ ಇತ್ತು ಸರಿ, ಆಯಮ್ಮನ ತಲೆ ಇದ್ದಿದ್ರೆ? ಇನ್ನೊಂದ್ ಸಲ ಇಂಗಾದ್ರೆ ಕೋವಿ ಅಟ್ಟಕ್ಕೆ ಓಯ್ತದೆ" ಎಂದರು. ಮಾವ ತಲೆ ಆಡಿಸಿದರು. ಮುಖದ ಮಸಿ ತೊಳೆಯುವುದನ್ನೂ ಮರೆತು ಅವತ್ತು ಹಾಗೇ ಉಂಡರು.

ಅದಾದ ಮೇಲೆ ಅವರಿಗೆ ಮರೆಯ ಹುಚ್ಚು ಹಿಡಿಯಿತು ಎಂದೇ ನಾನು ಅಂದುಕೊಂಡೆ. ಮರೆ ಎಂದರೆ ಅವರು ಒಳಗೆ ಕೂತು ಕಾಯುತ್ತಿದ್ದ ಗೂಡು. ಮಡಚಿ, ಹಗ್ಗ ಬಿಗಿದು, ಟಿವಿಎಸ್ ಗಾಡಿಯ ಮೇಲೆ ಅಡ್ಡ ಹಾಕಿಕೊಂಡು ಯಾವ ಗದ್ದೆಗೆ ಬೇಕಾದರೂ ಒಯ್ಯಬಹುದು. ಮೊದಲನೆಯದು ನಾನು ಬರುವ ಮುಂಚಿನದು, ನಾಲ್ಕು ಬಿದಿರು ಗಳದ ಸುತ್ತ ಗೊಬ್ಬರದ ಬಿಳಿ ಚೀಲ. ಅದನ್ನು ಕಂಡು ಪಾರಿವಾಳ ಹಾಗಿರಲಿ, ನಾಲೆಯ ಏರಿಯ ಮೇಲೆ ಹೋಗುವವರೂ ಸೈಕಲ್ ನಿಲ್ಲಿಸಿ ನೋಡುತ್ತಿದ್ದರಂತೆ. ಆಮೇಲೆ ಚೀಲವನ್ನು ಸಗಣಿ ನೀರಲ್ಲಿ ಅದ್ದಿದರು. ಅದಾದ ಮೇಲೆ ಯಾರೋ ಬಿಸಾಡಿದ ಹಸಿರು ನೆರಳುಬಲೆ ತಂದರು. ಹಸಿರು ಅತಿಯಾಯಿತು ಎಂದು ಅದರ ತುಂಬ ಕಬ್ಬಿನ ತರಗು ಸಿಕ್ಕಿಸಿದರು.

ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಾಚೆ ನಿಂತು ಕೆಮ್ಮಿದರು. ಸೊಸೆಯ ಕೋಣೆಯೊಳಗೆ ಅವರು ಒಂದು ದಿನವೂ ಕಾಲಿಟ್ಟವರಲ್ಲ.

"ವಸಿ ಮಷಿನ್ ಕೆಲ್ಸ ಅದೆ ಕಣವ್ವ."

ನಾನು ತವರಿಂದ ತಂದ ಹೊಲಿಗೆ ಮಷಿನ್ನಿನಲ್ಲಿ ಅವತ್ತಿನಿಂದ ರವಿಕೆಗಿಂತ ಹೆಚ್ಚಾಗಿ ಮರೆಯನ್ನೇ ಹೊಲಿದೆ. ಅವರು ಹೇಳುವುದು, ನಾನು ಹೊಲಿಯುವುದು, ಅವರು ಬೇಡ ಎನ್ನುವುದು, ನಾನು ಬಿಚ್ಚುವುದು. ಮೇಲಿನ ಅಂಚು ನೆಟ್ಟಗಿರಬಾರದು, ಹರಕುಮುರುಕಾಗಿರಬೇಕು ಎಂದರು. ಹೊಲಿಗೆಯವಳಿಗೆ ಇದಕ್ಕಿಂತ ಅವಮಾನ ಉಂಟೆ? ಯಾಕೆ ಎಂದರೆ, "ಒಲದಾಗೆ ಗೀಟು ಎಳ್ದಂಗೆ ಇರಾದು ಏನದೆ ಯೋಳು? ಕರೆಂಟ್ ತಂತಿ ಬುಟ್ರೆ ಏನಿಲ್ಲ" ಎಂದರು. ಹಿಂದಕ್ಕೂ ಒಂದು ಗೋಡೆ ಬೇಕು ಎಂದರು. ಹಿಂದೆ ಖಾಲಿ ಬಿಟ್ಟರೆ ಒಳಗೆ ಕೂತವರ ತಲೆ ಆಕಾಶಕ್ಕೆ ಅಂಟಿಸಿದ ಹಾಗೆ ಕಾಣುತ್ತದಂತೆ. ತರಗನ್ನು ದಿನಾ ಬೆಳಿಗ್ಗೆ ಆಯಾ ಗದ್ದೆಯ ಬದುವಿನಿಂದಲೇ ತಂದು ಹೊಸದಾಗಿ ಸಿಕ್ಕಿಸಬೇಕು. ನಿನ್ನೆಯದು ಇವತ್ತಿಗೆ ಬಣ್ಣ ತಿರುಗಿರುತ್ತದೆ, ನಮಗೆ ಗೊತ್ತಾಗುವುದಿಲ್ಲ, ಅವಕ್ಕೆ ಗೊತ್ತಾಗುತ್ತದೆ. ಎಲ್ಲ ಹೇಳಿ ಕೊನೆಗೆ, "ಅವ್ಕೆ ನಾವ್ ಕಾಣಾಕಿಲ್ಲ ಕಣವ್ವ, ನಮ್ಮ ಅವಸ್ರ ಕಾಣ್ತದೆ" ಎನ್ನುತ್ತಿದ್ದರು. ಈ ಮಾತು ನನ್ನನ್ನು ಕುರಿತೇ ಎಂದು ನನಗೆ ಅನುಮಾನ.

ಹೊಲಿದಾದ ಮೇಲೆ ಪರೀಕ್ಷೆ. ಅವರು ಮರೆಯೊಳಗೆ ಕೂರುವುದು, ನಾನು ಐವತ್ತು ಹೆಜ್ಜೆ ದೂರ ಬದುವಿನ ಮೇಲೆ ನಿಲ್ಲುವುದು. ಒಳಗಿಂದ ಕೂಗುತ್ತಿದ್ದರು.

"ಕಾಣ್ತೀನಾ?"

"ಕಾಣ್ತೀರ ಮಾವ."

"ಏನ್ ಕಾಣ್ತದೆ?"

"ಮೊಣಕೈ."

"ಈಗ?"

"ಈಗ ಇಲ್ಲ. ಅಲ್ಲಾಡಿದ್ರೆ ಟೋಪಿ ಕಾಣ್ತದೆ."

ನಾಲೆಯ ಮೇಲೆ ಹೋಗುವವರು ನಗುತ್ತಿದ್ದರು. ಇದನ್ನೆಲ್ಲ ಅವರೇ ಹೊರಗೆ ನಿಂತು ನೋಡಿ, ನನ್ನನ್ನು ಒಳಗೆ ಕೂರಿಸಬಹುದಿತ್ತಲ್ಲ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಗಾಡಿಯನ್ನು ಅವರು ಓಡಿಸುವುದು ಬಿಟ್ಟು ತಳ್ಳಿಕೊಂಡೇ ಹೋಗುತ್ತಿದ್ದರು. ಕೇಳಿದರೆ ಪೆಟ್ರೋಲ್ ಉಳಿತಾಯ ಎನ್ನುತ್ತಿದ್ದರು. ಅದನ್ನೂ ನಂಬಿದೆ. ಬಿ.ಎಸ್ಸಿ. ಓದಿದ ತಲೆ ಇದು.

ನಾನು ಮರೆಯೊಳಗೆ ಹೋದದ್ದು ಒಂದು ಸುಳ್ಳು ಪಾರಿವಾಳದ ದೆಸೆಯಿಂದ. ತೆಂಗಿನ ಮಟ್ಟೆಯನ್ನು ಕೆತ್ತಿ, ಬೂದಿ ಬಳಿದು, ಅವರೇ ಆರು ಪಾರಿವಾಳ ಮಾಡಿದ್ದರು. ಒಟ್ಲಿನ ಅಂಚಿಗೆ ಅವನ್ನಿಟ್ಟರೆ ಆಕಾಶದಲ್ಲಿ ಹೋಗುವವು ತಮ್ಮವರು ಇದ್ದಾರೆಂದು ಇಳಿಯುತ್ತವೆ. ನಾನು ಬುತ್ತಿ ಕೊಡಲು ಹೋಗಿದ್ದೆ. ಎರಡು ನಿಜವಾದ ಪಾರಿವಾಳ ಇಳಿದು ಓಡಾಡುತ್ತಿದ್ದವು. ಮಾವ ಗುರಿ ಹಿಡಿದು, ಬಹಳ ಹೊತ್ತು ಉಸಿರು ಕಟ್ಟಿ, ಹೊಡೆದರು. ಮಟ್ಟೆಯ ಪಾರಿವಾಳ ಮಗುಚಿಕೊಂಡಿತು. ನಾನು ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು. ಆಮೇಲೆ ಕೋವಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, "ನಾಳೆಯಿಂದ ನೀನ್ ಬಾರವ್ವ. ಕಲ್ತ್ಕೊ" ಎಂದರು.

ಅತ್ತೆ ಕೇಳಿದ ಕೂಡಲೇ ಎಗರಾಡಿದರು. "ಸೊಸೆ ಮಾವ ಒಂದ್ ಚೀಲ್ದೊಳ್ಗೆ ಕುಂತ್ಕಂಡ್ರೆ ನೋಡ್ದೋರು ಏನಂದಾರು? ನಡೂಕೆ ಪರ್ದೆ ಇಲ್ದೆ ಇವ್ಳು ಒಸ್ಲು ದಾಟಾಂಗಿಲ್ಲ." ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಅಪ್ಪನ ವಯಸ್ಸಿನವರ ಪಕ್ಕ ಕೂರುವುದಕ್ಕೆ ಪರದೆಯೆ? ಮಾವ ಏನೂ ವಾದ ಮಾಡದೆ, "ಆಯ್ತು, ಒಂದ್ ಗೋಣಿತಟ್ಟು ಒಲ್ದ್ ಕೊಡವ್ವ" ಎಂದುಬಿಟ್ಟರು. ಅವರು ಅಷ್ಟು ಬೇಗ ಒಪ್ಪಿದ್ದು ನನಗೆ ಇನ್ನೂ ಸಿಟ್ಟು ತಂದಿತು. ಮಷಿನ್ನಿನ ಮೇಲೆ ಆ ಸಿಟ್ಟು ತೀರಿಸಿಕೊಂಡು ಮರೆಯ ಮಧ್ಯಕ್ಕೆ ಗೋಣಿತಟ್ಟಿನ ಅಡ್ಡಗೋಡೆ ಹೊಲಿದೆ. ಬಲಗಡೆ ನನ್ನ ಭಾಗ, ಎಡಗಡೆ ಅವರದು, ಕೋವಿ ದಾಟಿಸಲು ಕೆಳಗೆ ಒಂದು ಗೇಣು ಬಿಡುವು.

ಆಗ ಅವರು ಇನ್ನೊಂದು ಹೇಳಿದರು. "ನನ್ ಕಡೆ ಕಂಡಿ ಮುಚ್ಬುಡು."

ಹೊರಗೆ ನೋಡಲು, ಗುರಿ ಹಿಡಿಯಲು ಬಲೆಯಲ್ಲಿ ಬಿಟ್ಟಿದ್ದ ಸೀಳು ಅದು. ಇಬ್ಬರ ಕಡೆಗೂ ಒಂದೊಂದು ಇತ್ತು.

"ಮುಚ್ಚಿದ್ರೆ ನೀವು ಎಂಗ್ ನೋಡ್ತೀರ ಮಾವ?"

"ಎಲ್ಡ್ ಕಂಡಿ ಇದ್ರೆ ಒಳ್ಗೆ ಬೆಳ್ಕು ಆಯ್ತದೆ. ತಲೆ ಆಡುದ್ರೆ ನೆಳ್ಳು ಕಾಣ್ತದೆ ಅವ್ಕೆ. ಒಳ್ಗೆ ಕತ್ಲು ಇದ್ದಷ್ಟೂ ಒಳ್ಳೇದು."

"ಹಂಗಾದ್ರೆ ನಂದು ಮುಚ್ಚಿ."

"ನಂಗೆ ನೋಡಿ ನೋಡಿ ಸಾಕಾಗದೆ ಕಣವ್ವ. ನೀನ್ ನೋಡು."

ನಾನೇ ಮುಚ್ಚಿದೆ. ದಪ್ಪ ದಾರದಲ್ಲಿ, ಎರಡು ಸಾಲು ಹೊಲಿಗೆ ಹಾಕಿ. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಒಂದೇ ಕಂಡಿ ಮಾಡಿದ ಮೇಲೆ ಪಾರಿವಾಳಗಳು ಹಿಂದೆಂದೂ ಬರದಷ್ಟು ಹತ್ತಿರ ಬಂದವು. ಒಂದು ಸಲ ಒಂದು ಪಾರಿವಾಳ ಮರೆಯ ಮೇಲೆಯೇ ಬಂದು ಕೂತು, ನನ್ನ ತಲೆಗೆ ಒಂದಡಿ ಎತ್ತರದಲ್ಲಿ ಗುಟುರು ಹಾಕಿತು. ಪರದೆಯ ಆಚೆಯಿಂದ ಮಾವ ಸದ್ದಿಲ್ಲದೆ ನಗುವುದು ಗೋಣಿತಟ್ಟಿನ ಅಲುಗಾಟದಲ್ಲಿ ಗೊತ್ತಾಯಿತು.

ಹೀಗೆ ಎರಡು ವರ್ಷ, ನಾಲ್ಕು ಒಟ್ಲು. ಬೆಳಗಿನ ಜಾವ ಕೆಸರಲ್ಲಿ ಕಾಲಿಟ್ಟು ಕೂರುವುದು. ಅವರು ಆಚೆಯಿಂದ ಪಿಸುಗುಟ್ಟುತ್ತಿದ್ದರು: "ಬಂದೋ. ಎಲ್ಡು. ಒಂದು ಗಿರಣಿ ಕಡೀಕೆ ತಿರೀಕತ್ತು. ಇನ್ನೊಂದು ಇಳೀತದೆ, ತಾಳು. ನಡೀಲಿ ಬುಡು. ನಿಂತ್ಕತ್ತಾ? ಈಗ." ಎಷ್ಟೋ ಸಲ ನನ್ನ ಕಂಡಿಗೆ ಹಕ್ಕಿ ಕಾಣುವ ಮುಂಚೆಯೇ ಅವರು ಹೇಳಿರುತ್ತಿದ್ದರು. ಕಂಡಿಯಿಲ್ಲದೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, "ರೆಕ್ಕೆ ಯೋಳ್ತದೆ" ಎಂದರು. ಇದು ನಲವತ್ತು ವರ್ಷದ ಅನುಭವ ಎಂದುಕೊಂಡು ತಲೆದೂಗಿದೆ. ಮೊದಲ ಒಟ್ಲಿನಲ್ಲಿ ನನ್ನ ಗುಂಡು ಒಂದೂ ತಾಗಲಿಲ್ಲ. ಎರಡನೆಯದರಲ್ಲಿ ಮೂರಕ್ಕೊಂದು ತಾಗಿತು. ಆಮೇಲೆ ನನ್ನ ಕೈ ಕೂತಿತು. ಕೋವಿಯನ್ನು ಅವರು ಒಮ್ಮೊಮ್ಮೆ ಕೆಳಗಿನ ಬಿಡುವಿನಿಂದ ಇಸಿದುಕೊಂಡು, ಎಣ್ಣೆ ಬಟ್ಟೆಯಲ್ಲಿ ಒರೆಸಿ ವಾಪಸು ಕೊಡುತ್ತಿದ್ದರು. ಅಷ್ಟೇ. ಹೊಡೆಯುತ್ತಿರಲಿಲ್ಲ.

ಹೊಡೆಯುತ್ತಿದ್ದವಳು ನಾನು, ಹೆಸರು ಮಾತ್ರ ಅವರದು. ಇದು ನನ್ನನ್ನು ಕೊರೆಯತೊಡಗಿತು. ಮನೆಗೆ ಬಂದು ಪಾರಿವಾಳವನ್ನು ಅಂಗಳದಲ್ಲಿಟ್ಟು, "ಇವತ್ ಎಲ್ಡು" ಎನ್ನುತ್ತಿದ್ದರು. ಯಾರು ಹೊಡೆದದ್ದು ಎಂದು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಊರವರು ಎಳನೀರು ಕೆಡವಿ ಅವರಿಗೆ ಕೊಡುತ್ತಿದ್ದರು. ನನಗೂ ಒಂದು ಕೊಡುತ್ತಿದ್ದರು, ಜೊತೆಗೆ ಬಂದವಳು ಎಂದು. ಮಾವನ ಮೇಲೆ ಪ್ರೀತಿಯಿತ್ತು, ಗೌರವವಿತ್ತು, ಇದೊಂದು ಮುಳ್ಳೂ ಇತ್ತು. ಸೊಸೆ ಗುಂಡು ಹೊಡೆದಳು ಎಂದರೆ ಅವರಿಗೆ ಕಡಿಮೆಯೆ, ಎಂದು ಒಳಗೇ ಕುದಿಯುತ್ತಿದ್ದೆ.

ಒಂದು ಭಾನುವಾರ ನನ್ನ ಗಂಡ ಕಾರ್ಖಾನೆಯ ಗೆಳೆಯರೊಬ್ಬರನ್ನು ಊಟಕ್ಕೆ ಕರೆತಂದರು. ಅವತ್ತು ಬೆಳಿಗ್ಗೆ ಮೂರು ಸಿಕ್ಕಿದ್ದವು. ಅತ್ತೆ ಸಾರು ಮಾಡಿದ್ದರು, ನಾನು ಮುದ್ದೆ ಬಡಿಸುತ್ತಿದ್ದೆ. ಗಂಡ ಗೆಳೆಯನಿಗೆ, "ನಮ್ಮಪ್ಪ ಈ ವಯಸ್ನಾಗೂ ಒಂದೇಟ್ಗೆ ಒಂದು ಕಣ್ಲಾ. ಬೆಳಿಗ್ಗೆ ಮೂರ್ ಗುಂಡು, ಮೂರ್ ಪಾರಿವಾಳ" ಎಂದರು. ಆ ಮಾತು ಮೂರು ಸಲ ಬಂತು. ಮೂರನೆಯ ಸಲಕ್ಕೆ ನನ್ನ ನಾಲಗೆ ನನ್ನ ಮಾತು ಕೇಳಲಿಲ್ಲ.

"ಅವರು ಕೋವಿ ಹಿಡಿದು ಎರಡು ವರ್ಷ ಆಯ್ತು. ಮೂರಕ್ಕೆ ಮೂರೂ ನಾನೇ ಹೊಡೆದದ್ದು."

ಅತ್ತೆಯ ಕೈಯಲ್ಲಿ ಸೌಟು ನಿಂತಿತು. ಗಂಡ ಅಪ್ಪನ ಕಡೆ ನೋಡಿದರು. ಮಾವ ತಲೆ ಎತ್ತಿ, ನಾನಿರುವ ಕಡೆಗೆ ಮುಖ ಮಾಡಿ, ನಕ್ಕು, "ದಿಟ ಕಣ್ಲಾ, ಅವ್ಳೇ" ಎಂದು ಮುದ್ದೆ ಮುರಿದರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡು ನಾನು ಗೆದ್ದವಳ ಹಾಗೆ ಒಳಗೆ ಹೋದೆ.

ಮುಗಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಗಂಡ ಅವರನ್ನು ಬದುವಿನ ಮೇಲೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಇದ್ದೆ. ಗದ್ದೆಯ ಮೇಲೆ ಹಾದುಹೋಗುವ ಕರೆಂಟ್ ತಂತಿಯ ಕಡೆ ಕೈ ತೋರಿಸಿ, "ತಂತಿ ಮ್ಯಾಲೆ ಎಷ್ಟವೆ ಅಪ್ಪ?" ಎಂದರು. ಮಾವ ಕುತ್ತಿಗೆ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದರು. "ನಾಕು" ಎಂದರು. ಆ ಹೊತ್ತಿಗೆ ದಿನವೂ ಅಲ್ಲಿ ನಾಲ್ಕು ಪಾರಿವಾಳ ಕೂರುತ್ತಿದ್ದವು. ಅವತ್ತು ಒಂದೂ ಇರಲಿಲ್ಲ.

ಯಾರೂ ಮಾತಾಡಲಿಲ್ಲ. ಮಾವನಿಗೆ ಆ ಮೌನದಲ್ಲೇ ಉತ್ತರ ಗೊತ್ತಾಯಿತೆಂದು ಕಾಣುತ್ತದೆ. ಹೆಗಲ ಮೇಲಿದ್ದ ಕೋವಿಯನ್ನು ತಾವೇ ಇಳಿಸಿ ಮಗನ ಕೈಗೆ ಕೊಟ್ಟರು. ಅವತ್ತೇ ಅದು ಅಟ್ಟಕ್ಕೆ ಹೋಯಿತು. ನಾನು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.

ಮಂಡ್ಯದ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಾಗ ಇನ್ನೊಂದು ಪೆಟ್ಟು ಕಾದಿತ್ತು. ಡಾಕ್ಟರು ಮಾವನನ್ನು ನೋಡಿ, "ಏನು ಯಜಮಾನರೆ, ಡ್ರಾಪ್ಸ್ ಸರಿಯಾಗಿ ಹಾಕ್ಕೋತಿದ್ದೀರಾ?" ಎಂದು ಹಳೆಯ ಪರಿಚಯದವರ ಹಾಗೆ ಕೇಳಿದರು. ಕೊಡ ಒಡೆದ ವರ್ಷವೇ ಅವರು ಅತ್ತೆಯ ಜೊತೆ, ನೆಂಟರ ಮನೆಗೆ ಎಂದು ಹೇಳಿ, ಅಲ್ಲಿಗೆ ಬಂದು ಹೋಗಿದ್ದರು. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ, ಹೋದ ನೋಟ ವಾಪಸು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಸ್ವಲ್ಪ ಕಾಲ ಉಳಿಸಿಕೊಳ್ಳಬಹುದು ಎಂದು ಆಗಲೇ ಹೇಳಿದ್ದರಂತೆ. ಧೂಳಿಗೆ ಎಂದು ಅತ್ತೆ ದಿನಾ ಅವರ ಕಣ್ಣಿಗೆ ಎರಡು ತೊಟ್ಟು ಬಿಡುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಗಂಡ ಅಮ್ಮನ ಮೇಲೆ ಒಂದು ವಾರ ಮುನಿಸಿಕೊಂಡರು. ನಾನು ಯಾರ ಮೇಲೆ ಮುನಿಸಿಕೊಳ್ಳಲಿ? ಕಂಡಿ ಹೊಲಿದವಳು ನಾನು. ಊಟದ ಹೊತ್ತಲ್ಲಿ ಹೇಳಿಬಿಟ್ಟವಳೂ ನಾನು. ಹೇಳಬಾರದಿತ್ತೆ? ಹೇಳದೆ ಇದ್ದು, ಅವರು ಯಾವತ್ತಾದರೂ ಮತ್ತೆ ಗುರಿ ಹಿಡಿದು ಯಾರಿಗಾದರೂ ತಾಗಿದ್ದರೆ? ಆದರೆ ಅವರು ಹಿಡಿಯುತ್ತಲೇ ಇರಲಿಲ್ಲವಲ್ಲ, ಅದಕ್ಕೇ ಅಲ್ಲವೆ ನನಗೆ ಕೊಟ್ಟಿದ್ದು? ಹಾಗಾದರೆ ನನಗೆ ಕಲಿಸಿದರೋ, ನನ್ನ ಕಣ್ಣು ಎರವಲು ಪಡೆದರೋ? ಎಷ್ಟು ಯೋಚಿಸಿದರೂ ಮೊದಲಿಗೇ ಬಂದು ನಿಲ್ಲುತ್ತಿದ್ದೆ.

ಆಮೇಲೆ ಅವರು ಒಂದೂವರೆ ವರ್ಷ ಇದ್ದರು. ಜನ ಒಟ್ಲಿಗೆ ಕರೆಯುವುದನ್ನು ಬಿಟ್ಟರು. ಜಗಲಿಯ ಮೇಲೆ ಕೂತು ಕೈಯಲ್ಲೇ ತಡವಿ ತಡವಿ ಮರೆಯ ಬಲೆ ರಿಪೇರಿ ಮಾಡುತ್ತಿದ್ದರು, ಯಾರಿಗೆ ಎಂದು ಯಾರೂ ಕೇಳಲಿಲ್ಲ. ನನಗೆ ಒಂದೇ ಒಂದು ಕಟು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ನೀರಿನ ಬಿಂದಿಗೆ ಹಿಡಿದು ಅಂಗಳಕ್ಕೆ ಬಂದರೆ ಹೆಜ್ಜೆ ಸದ್ದಿಗೇ, "ಕಾಣ್ತೀನಾ?" ಎನ್ನುತ್ತಿದ್ದರು. "ಕಾಣ್ತೀರ ಮಾವ" ಎನ್ನುತ್ತಿದ್ದೆ. ಕೇಳಿಬಿಡಬೇಕು, ಕ್ಷಮಿಸಿ ಎನ್ನಬೇಕು ಎಂದು ದಿನಾ ಅಂದುಕೊಂಡು, ನಾಳೆಗೆ ಎಂದು ಒಳಗೆ ಹೋಗುತ್ತಿದ್ದೆ. ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟರು. ಎರಡನೆಯ ದಿನ ಒಮ್ಮೆ ಎಚ್ಚರವಾಗಿ, ನಾಲೆಗೆ ನೀರು ಬಿಟ್ಟರಾ ಎಂದು ಕೇಳಿದ್ದೇ ಕೊನೆ.

ಈ ಸಲದ ಒಟ್ಲಿಗೆ ಪಾರಿವಾಳಗಳು ಹಿಂಡುಗಟ್ಟಿ ಬಂದವು. ಎರಡೇ ಬೆಳಿಗ್ಗೆಗೆ ಪಾತಿಯ ಒಂದು ಮೂಲೆ ಬೋಳಾಯಿತು. ಗಂಡನಿಗೆ ಪಾಳಿ. ಮೂರನೆಯ ದಿನ ಅತ್ತೆ ತಾವೇ ಏಣಿ ಹಾಕಿಸಿ ಅಟ್ಟದಿಂದ ಕೋವಿ ಇಳಿಸಿದರು. ಸೆರಗಿನಲ್ಲಿ ಧೂಳು ಒರೆಸಿ ನನ್ನ ಮುಂದೆ ಹಿಡಿದು, "ನಡಿ ಕಣವ್ವ, ನಾನೂ ಬತ್ತೀನಿ. ಒಬ್ಳೇ ಎಂಗ್ ಕುಂತ್ಕತೀಯೆ" ಎಂದರು. ಹಂಚಿನ ಮಸಿಯನ್ನೂ ಅವರೇ ಕಲಸಿದರು. ಅರವತ್ತು ದಾಟಿದ ಹೆಂಗಸು ಕೆನ್ನೆಗೆ ಮಸಿ ಬಳಿದುಕೊಂಡು, ಕುಂಕುಮವಿಲ್ಲದ ಹಣೆಗೆ ಮೂರು ಗೆರೆ ಎಳೆದುಕೊಂಡದ್ದನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮರೆ ಬಿಚ್ಚಿ ನಿಲ್ಲಿಸಿ, ಬದುವಿನ ಹುಲ್ಲು ತಂದು ಸಿಕ್ಕಿಸಿದೆವು. ನಾನು ಏಕೋ ನನ್ನ ಕಡೆ ಹೋಗಲಿಲ್ಲ. "ಕೂರಿ ಅತ್ತೆ, ಮೊದ್ಲು ನೀವು ಕಂಡಿ ಹತ್ರ ಕೂತು ನೋಡಿ, ಬಂದ್ರೆ ಹೇಳಿ, ಆಮೇಲೆ ನಾನು ಹೊಡೀತೀನಿ" ಎಂದು ಮಾವನ ಭಾಗದೊಳಗೆ ನುಸುಳಿದೆ. ಎರಡು ವರ್ಷ ಪಕ್ಕದಲ್ಲೇ ಇದ್ದೂ ಅಲ್ಲಿ ನಾನು ಕಾಲಿಟ್ಟಿರಲಿಲ್ಲ. ಒಳಗೆ ಕತ್ತಲು. ಎದುರಿಗೆ ನನ್ನದೇ ಎರಡು ಸಾಲು ಹೊಲಿಗೆ, ಬೆರಳಾಡಿಸಿದರೆ ಗಂಟು ಗಂಟಾಗಿ ಸಿಗುತ್ತಿತ್ತು. ಅವರು ಇಲ್ಲಿ ಏನು ಮಾಡುತ್ತಾ ಕೂತಿರುತ್ತಿದ್ದರೋ.

ಪರದೆಯ ಆಚೆಯಿಂದ ಅತ್ತೆ ಮೆಲ್ಲಗೆ ಮಾತಾಡಿದರು. "ಈ ಪರ್ದೆ ನಂದಲ್ಲ ಕಣವ್ವ."

"ಏನು?"

"ಅವತ್ತು ನಾನ್ ಎಗರಾಡುದ್ನಲ್ಲ, ನೋಡ್ದೋರು ಏನಂದಾರು ಅಂತ. ಅವ್ರೇ ಯೋಳ್ಕೊಟ್ಟಿದ್ರು, ಇಂಗಿಂಗೆ ಬೈಯಿ ಅಂತ. ನೀನ್ ಪಕ್ದಾಗೆ ಕುಂತು ಅವ್ರ ಕಣ್ಣು ನೋಡುದ್ರೆ ಗೊತ್ತಾಗ್ಬುಡ್ತಿತ್ತು."

"ನಂಗೆ ಗೊತ್ತಾದ್ರೆ ಏನಾಗ್ತಿತ್ತು ಅತ್ತೆ? ನಾನೇನು ಊರಿಗೆಲ್ಲ ಸಾರ್ತಿದ್ನಾ?" ಎಂದೆ. ಎಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಅತ್ತೆ ಅದನ್ನು ಎತ್ತಿ ಆಡಲಿಲ್ಲ. "ಅದಕ್ಕಲ್ಲ. 'ಇನ್ಮ್ಯಾಕೆ ಮನೇಗೆ ಕಣ್ಣು ಅವ್ಳೇ ಅಂತ ಗೊತ್ತಾದ್ರೆ ಅವ್ಳ್ ಕೈ ನಡುಗ್ತದೆ. ಗೊತ್ತಿಲ್ದಂಗೇ ಕಲೀಲಿ. ಕಲ್ತ ದಿನ ನಾನೇ ಬುಟ್ಬುಡ್ತೀನಿ' ಅಂದ್ರು. ನೀನ್ ಊಟದೊತ್ನಲ್ಲಿ ಅಂದ್ಯಲ್ಲ, ಮೂರ್ಕೆ ಮೂರೂ ನಾನೇ ಅಂತ. ಅವತ್ತು ಕೈ ತೊಳ್ಯಕ್ಕೆ ಎದ್ದಾಗ ನನ್ ಕಿವೀಲಿ, 'ಕಲ್ತ್ಲು ಬುಡು' ಅಂದ್ರು."

ಅತ್ತೆ ನಿಜ ಹೇಳಿದರೋ, ನನ್ನ ಸಮಾಧಾನಕ್ಕೆ ಹೇಳಿದರೋ ನನಗೆ ಗೊತ್ತಿಲ್ಲ. ಮಧ್ಯೆ ಪರದೆ ಇತ್ತು, ಅವರ ಮುಖ ಕಾಣಲಿಲ್ಲ. ಕೇಳಬೇಕಾದವರನ್ನು ಕೇಳುವ ಕಾಲ ಮುಗಿದಿದೆ. ಆದರೆ ಈ ಕೈಗೆ ಗುರಿ ಕೂತಿದೆ, ನಮ್ಮ ಒಟ್ಲು ಉಳಿಯುತ್ತದೆ, ಅದು ಅವರು ಕೊಟ್ಟದ್ದು. ನಾನು ಕತ್ತಲಲ್ಲಿ ಕೂತು ಅಳುತ್ತಿದ್ದೆ, ಸದ್ದು ಬರದ ಹಾಗೆ. ಸದ್ದಾದರೆ ಹಕ್ಕಿ ಬರುವುದಿಲ್ಲ ಎಂದು ಕಲಿಸಿದ್ದರಲ್ಲ.

ಕಣ್ಣು ಒರೆಸಿಕೊಂಡ ಮೇಲೆ ಒಂದೊಂದೇ ಕೇಳಿಸತೊಡಗಿತು. ದೂರದಲ್ಲಿ ಯಾರದೋ ಪಂಪ್‌ಸೆಟ್ಟು. ನಾಲೆಯಲ್ಲಿ ನೀರು. ಶಿವಪುರದ ಕಡೆಯಿಂದ ಬಸ್ಸು ಗೇರ್ ಬದಲಿಸಿದ್ದು. ಆಮೇಲೆ ಬೆನ್ನ ಹಿಂದೆ, ನನ್ನ ಹಳೆಯ ಕಂಡಿಯಿಂದ ಎಂದೂ ಕಾಣದ ದಿಕ್ಕಿನಿಂದ, ಬಟ್ಟೆ ಒದರಿದ ಹಾಗೆ ಸಣ್ಣ ಸದ್ದು ಹತ್ತಿರವಾಯಿತು. ನಾನು ಉಸಿರು ಹಿಡಿದು ಪರದೆಗೆ ಬಾಯಿಟ್ಟು ಪಿಸುಗುಟ್ಟಿದೆ.

"ಬಂದೋ ಅತ್ತೆ. ಎರಡು."

ಅತ್ತೆ ಕಂಡಿಗೆ ಮುಖ ಒತ್ತಿ ಸ್ವಲ್ಪ ಹೊತ್ತು ನೋಡಿದರು. "ಮೂರು ಕಣವ್ವ" ಎಂದರು.

ನಾನು ಇನ್ನೂ ಕಲಿಯಬೇಕು.